ಪಿನಾಕಿನಿಯ ಮರಳಲ್ಲಿ ಮೊದಲ ಬಿಂದಿಗೆ

ಮಕ್ಕಳೇ, ಮನೆ ಮುಂದೆ ಸುರಿದ ಮರಳಿಗೆ ಮೇಸ್ತ್ರಿ ಇವತ್ತು ನೀರು ಚಿಮುಕಿಸಿದ. ಆ ವಾಸನೆಗೆ ಒಲೆಯ ಮೇಲೆ ಹಾಲು ಉಕ್ಕಿದ್ದೂ ನನಗೆ ತಿಳಿಯಲಿಲ್ಲ.

ಗೌರಿಬಿದನೂರಿನ ಕಡೆ, ಪಿನಾಕಿನಿ ದಡದ ಊರಿಗೆ ನನ್ನನ್ನು ಕೊಟ್ಟಾಗ, ಹೊಳೆ ಎಂದರೆ ನೀರು ಎಂದುಕೊಂಡಿದ್ದೆ. ತವರೂರು ಸಾದಲಿಯಲ್ಲಿ ರೇಷ್ಮೆಹುಳುವಿಗೆ ಸೊಪ್ಪು ಹೆಚ್ಚುತ್ತಾ ಬೆಳೆದವಳಿಗೆ ಹೊಳೆಯ ಸಂಗತಿ ಏನು ಗೊತ್ತು? ಇಲ್ಲಿ ವರ್ಷಕ್ಕೆ ನಾಲ್ಕು ದಿನ ಹರಿದರೆ ಹೆಚ್ಚು, ಉಳಿದದ್ದೆಲ್ಲ ಮರಳು. ಆದರೂ ಎಲ್ಲರೂ ಗಂಗಮ್ಮ ಎಂದೇ ಕೈಮುಗಿಯುತ್ತಿದ್ದರು. ಮರಳಲ್ಲಿ ಗುಂಡಿ ತೋಡಿ, ಒಸರಿದ ನೀರನ್ನು ತೆಂಗಿನ ಚಿಪ್ಪಿನಲ್ಲಿ ಬಿಂದಿಗೆಗೆ ತುಂಬುತ್ತಿದ್ದೆವು. ಮೊದಲ ಸಲ ನಾನು ಬಾವಿಯಂತೆ ನೆಟ್ಟಗೆ ತೋಡಿ, ಕುಸಿದ ಮರಳಲ್ಲಿ ಮೊಣಕಾಲವರೆಗೆ ಹೂತು ನಿಂತಿದ್ದೆ. ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು.

ಎಂಬತ್ತರ ದಶಕದ ಕೊನೆಯಲ್ಲಿ ನನ್ನ ನಾದಿನಿ, ನಿಮ್ಮ ರತ್ನಜ್ಜಿಯ ಮದುವೆ. ಹೊಳೆಯಿಂದ ಗಂಗೆ ತಂದು ಮದುವಣಗಿತ್ತಿಗೆ ಎರೆಯುವುದು ಶಾಸ್ತ್ರ. ಅವಳು ಅರಿಶಿನ ಹಚ್ಚಿಸಿಕೊಂಡು ಮಣೆಯ ಮೇಲೆ ಕೂತಿದ್ದಾಳೆ. ಇತ್ತ ಹೊಳೆಯಲ್ಲಿ ಮೂರು ಕಡೆ ತೋಡಿದರೂ ಒಣಮರಳೇ.

"ಬೋರ್‌ವೆಲ್ ನೀರೇ ತಗೊಂಡೋಗಣ" ಎಂದರು ಯಾರೋ.

"ಗಂಗಮ್ಮ ಬರ್ದೆ ನನ್ ಮಗಳನ್ನ ಹಸೆಗೆ ಕೂರ್ಸಲ್ಲ" ಎಂದು ಅತ್ತೆ ಮರಳಲ್ಲೇ ಕೂತುಬಿಟ್ಟರು. ಮುಹೂರ್ತ ಹತ್ತಿರವಾಗುತ್ತಿತ್ತು.

ನನಗೆ ಒಂದು ಜಾಗ ಗೊತ್ತಿತ್ತು, ಹೇಳಲು ನಾಚಿಕೆ. ಹೊಂಗೆಮರದ ತಿರುವಿನಲ್ಲಿ ಮಡಿವಾಳರ ಕತ್ತೆ ದಿನಾ ಮರಳು ಕೆರೆದು ನೀರು ಕುಡಿಯುವುದನ್ನು ನೋಡಿದ್ದೆ.

"ಕತ್ತೆ ಕೆರೆಯೋ ಕಡೆ ನೋಡಣ್ವಾ, ಅತ್ತೆ?"

"ಗಾಡಿದ ಚೂಪಿಂಚಿನ ಗಂಗಾ?" ಎಂದು ರತ್ನಳ ತೆಲುಗು ಮಾತಿನ ದೊಡ್ಡಮ್ಮ ನಕ್ಕರು. "ಕತ್ತೆ ತೋರ್ಸಿದ ನೀರು ಮದುವಣಗಿತ್ತಿಗಾ? ಸಾದಲಿಯವಳು ಇನ್ನೊಂದ್ಸಲ ಹೂತ್ಕೋತಾಳೆ ಕಣ್ರೇ!"

ನಾನು ಸೀರೆ ಎತ್ತಿ ಕಟ್ಟಿ ಕೂತೆ. ಈ ಸಲ ಅಗಲವಾಗಿ, ಅಂಚು ಇಳಿಜಾರು ಮಾಡುತ್ತಾ ತೋಡಿದೆ. ಮೊಳದಾಳಕ್ಕೆ ಮರಳು ಕಪ್ಪಾಯಿತು, ಆಮೇಲೆ ತಣ್ಣಗಾಯಿತು, ಆಮೇಲೆ ನನ್ನ ಬಳೆ ಮುಳುಗುವಷ್ಟು ನೀರು!

ನಕ್ಕ ದೊಡ್ಡಮ್ಮನೇ ಸೋಬಾನೆ ಪದ ಎತ್ತಿಕೊಂಡರು. ಅತ್ತೆ ಗುಂಡಿಗೆ ಅರಿಶಿನ ಕುಂಕುಮ ಏರಿಸಿ, "ಮೊದಲ್ನೇ ಬಿಂದಿಗೆ ನೀನೇ ಹೊರಮ್ಮ" ಎಂದರು. ಆ ಊರಲ್ಲಿ ನಾನು ತಲೆಯೆತ್ತಿ ನಡೆದದ್ದು ಅದೇ ಮೊದಲು. ತಗ್ಗಿಸಿದ್ದರೆ ನೀರು ಚೆಲ್ಲುತ್ತಿತ್ತು.

ಬರುಬರುತ್ತಾ ಮನೆಯವರ ಬಾಯಲ್ಲಿ ಅದು ಅತ್ತೆಯ ಭಕ್ತಿಗೆ ಗಂಗಮ್ಮ ಒಲಿದ ಕಥೆಯಾಯಿತು. ನಾನೂ ತಿದ್ದಲಿಲ್ಲ. ಇವತ್ತು ರತ್ನಜ್ಜಿಗೆ ಫೋನ್ ಮಾಡಿ, "ಅವತ್ತು ನೀರು ತೋಡಿದ್ದು ನಾನು ಕಣೇ" ಎಂದೆ.

"ನನ್ ತಲೆ ಮೇಲೆ ಬಿದ್ದ ನೀರು, ನಂಗೊತ್ತಿಲ್ವಾ ಅತ್ತಿಗೆ? ಇರಿ, ಸ್ಪೀಕರ್ ಹಾಕ್ತೀನಿ. ಮನೆ ತುಂಬಾ ಜನ ಅವ್ರೆ. ಇನ್ನೊಂದ್ಸಲ ಹೇಳಿ."

ಹೇಳಿದೆ. ಜೋರಾಗಿಯೇ ಹೇಳಿದೆ.