ಓವನ್ನಿನ ಬಾಗಿಲು ತೆಗೆದ ಸಂಕಲ್ಪ

ವಿಜ್ಞಾನ ಕಾಲೇಜಿನ ಹಿಂಬದಿಯಲ್ಲಿ, ಸೈಕಲ್ ಶೆಡ್ಡಿಗೂ ಆಮ್ಲದ ಬಾಟಲಿಗಳ ಗೋದಾಮಿಗೂ ನಡುವೆ ಒಂದು ಉದ್ದನೆಯ ಕೋಣೆಯಿದೆ. ಅಲ್ಲಿ ಇಪ್ಪತ್ತಾರು ವರ್ಷಗಳಿಂದ ಗಾಜು ಊದುತ್ತಿರುವವಳು ಗಾಜಕ್ಕ. ಪ್ರಯೋಗಾಲಯದಲ್ಲಿ ಸುರುಳಿ ಸುತ್ತಿಕೊಂಡ, ಕತ್ತು ಬಾಗಿಸಿಕೊಂಡ, ಹೊಟ್ಟೆ ಬಿಟ್ಟುಕೊಂಡ ಯಾವ ಗಾಜಿನ ನಳಿಗೆಯನ್ನು ಕಂಡರೂ ಅದು ಅವಳ ಉಸಿರಿನಿಂದ ಹುಟ್ಟಿದ್ದೆಂದು ಕಣ್ಣು ಮುಚ್ಚಿ ಹೇಳಬಹುದು.

ಅವಳು ಆ ಕೋಣೆಗೆ ಮೊದಲು ಬಂದದ್ದು ಕಸ ಗುಡಿಸಲು. ಒಡೆದ ಚೂರುಗಳನ್ನು ಒಂದೇ ಬುಟ್ಟಿಗೆ ತುಂಬುವ ಬದಲು ದಪ್ಪದ್ದು, ತೆಳ್ಳನೆಯದು ಎಂದು ಬೇರೆ ಬೇರೆ ಗುಡ್ಡೆ ಮಾಡುತ್ತಿದ್ದುದನ್ನು ಆಗ ಅಲ್ಲಿ ಗಾಜು ಊದುತ್ತಿದ್ದ ಹಳೇ ಮಿಸ್ತ್ರಿ ಗಮನಿಸಿದ. ಮೂರನೇ ವಾರ ಪೊರಕೆ ಕಿತ್ತುಕೊಂಡು ಕೈಗೆ ನಳಿಗೆ ಕೊಟ್ಟ. ಮನೆಯಲ್ಲಿ ಅತ್ತೆ ಮಾತ್ರ, ನಮ್ಮ ಸೊಸೆ ಬೆಂಕಿ ಊದೋ ಕೆಲಸಕ್ಕೆ ಕಾಲೇಜಿಗೆ ಹೋಗ್ತಾಳೆ, ಮನೇಲಿ ಒಲೆ ಊದೋಕೆ ಮಾತ್ರ ಉಸಿರಿಲ್ಲ ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ಈಗ ಅದೇ ಕೋಣೆಗೆ ಕುತ್ತು ಬಂದಿತ್ತು. ಗಾಜಿನ ಸಾಮಾನು ಹೊರಗೆ ಸಿದ್ಧವಾಗಿಯೇ ಸಿಗುವುದರಿಂದ ಕೋಣೆಯನ್ನು ತೆರವು ಮಾಡಿ ಅಲ್ಲಿ ‘ಪ್ರಜ್ಞಾ ಮತ್ತು ಕ್ವಾಂಟಂ ಕೇಂದ್ರ’ ತೆರೆಯಬಹುದೆಂದು ಭೌತಶಾಸ್ತ್ರದ ಮುಖ್ಯಸ್ಥರಾದ ಪ್ರೊಫೆಸರ್ ಬರೆದುಕೊಟ್ಟಿದ್ದರು. ಸೋಮವಾರ ಸಮಿತಿ ಬಂದು ನೋಡಿ ತೀರ್ಮಾನಿಸುವುದು. ತೀರ್ಮಾನ ತಿರುಗಿಬಿದ್ದರೆ ಗಾಜಕ್ಕ ಗೋದಾಮಿನಲ್ಲಿ ಬಾಟಲಿಗಳ ಚೀಟಿ ಅಂಟಿಸುತ್ತಾ ಕೂರಬೇಕು. ತಮಾಷೆಯೆಂದರೆ, ಸಮಿತಿಗೆ ತೋರಿಸಲಿದ್ದ ಪ್ರಯೋಗಕ್ಕೆ ಬೇಕಾದ ಗಾಜಿನ ಪಾತ್ರೆ ಹೊರಗೆ ಎಲ್ಲೂ ಸಿಕ್ಕಿರಲಿಲ್ಲ. ಅದನ್ನು ಅವಳೇ ಮಾಡಬೇಕಿತ್ತು. ಅವಳ ಕೋಣೆಯನ್ನು ಕಿತ್ತುಕೊಳ್ಳುವ ಪ್ರಯೋಗಕ್ಕೆ ಅವಳದೇ ಪಾತ್ರೆ.

ಪ್ರೊಫೆಸರರ ಬಗ್ಗೆ ಎರಡು ಮಾತು. ನಾಲ್ಕು ವರ್ಷದ ಹಿಂದಿನವರೆಗೂ ಅವರ ಎದುರು ಯಾರಾದರೂ ‘ಆತ್ಮ’ ಎಂದರೆ ಅದರ ತೂಕವೆಷ್ಟು ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದರು. ಆಮೇಲೊಂದು ಸಂಜೆ ಮೌನಿಯವರ ಉಪನ್ಯಾಸ ಕೇಳಿದರು. ಈ ಮೌನಿಯವರು ಮೂವತ್ತು ವರ್ಷ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕುಳಿತು, ಯಾವ ರೈಲು ಎಷ್ಟು ತಡ ಎಂದು ಸಾರಿ ನಿವೃತ್ತರಾದವರು. ಆಗ ಉಳಿದುಹೋದ ಮಾತನ್ನೆಲ್ಲ ಈಗ ಮೌನದ ಮಹಿಮೆಯ ಬಗ್ಗೆ ಖರ್ಚು ಮಾಡುತ್ತಿದ್ದರು. ಎರಡೂವರೆ ಗಂಟೆಗೆ ಕಡಿಮೆ ಅವರು ಮೌನದ ಬಗ್ಗೆ ಮಾತಾಡಿದ್ದೇ ಇಲ್ಲ. ಮನಸ್ಸು ಬಲವಾಗಿ ಸಂಕಲ್ಪಿಸಿದರೆ ಕಣಕಣವೂ ಅದರಂತೆ ನಡೆಯುತ್ತದೆ ಎಂಬ ಅವರ ಮಾತು ಪ್ರೊಫೆಸರರ ತಲೆಗೆ ಏರಿಬಿಟ್ಟಿತು. ಇಬ್ಬರೂ ಸೇರಿ ಪ್ರಯೋಗ ಹೂಡಿದರು. ಗಾಳಿಯನ್ನೆಲ್ಲ ಹೊರಗೆಳೆದ ಪಾತ್ರೆಯೊಳಗೆ ಅರ್ಧ ಪಾರದರ್ಶಕವಾದ ಒಂದು ಕನ್ನಡಿ. ಅದಕ್ಕೆ ಬೆಳಕಿನ ಕಣಗಳನ್ನು ಒಂದೊಂದಾಗಿ ಬಿಡುವುದು. ಪ್ರತಿ ಕಣವೂ ಎಡಕ್ಕಾದರೂ ಹೋಗಬಹುದು, ಬಲಕ್ಕಾದರೂ ಹೋಗಬಹುದು. ಮೌನಿಯವರು ಹೊರಗೆ ಕುಳಿತು ‘ಬಲಕ್ಕೆ’ ಎಂದು ಸಂಕಲ್ಪಿಸುವುದು. ಸಂಕಲ್ಪಕ್ಕೂ ಬೆಳಕಿಗೂ ನಡುವೆ ಗಾಳಿಯೂ ಅಡ್ಡ ಬರಬಾರದೆಂದು ಪ್ರೊಫೆಸರರ ಹಟ.

ಪಾತ್ರೆಗೆ ನಾಲ್ಕು ಕೈ. ಮಾವಿನಕಾಯಿ ಗಾತ್ರದ ಬುರುಡೆಗೆ ನಾಲ್ಕೂ ಕಡೆ ನಳಿಗೆಗಳನ್ನು ಬೆಸೆದು ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಗಾಜಕ್ಕ ಮುಗಿಸಿದಳು. ಬೆಸೆದ ಗಾಜನ್ನು ಹಾಗೇ ಬಿಡುವಂತಿಲ್ಲ. ಬಿಸಿ ಓವನ್ನಿನಲ್ಲಿಟ್ಟು ಇಡೀ ದಿನ ಸ್ವಲ್ಪಸ್ವಲ್ಪವೇ ತಣಿಸಬೇಕು. ಅವಸರ ಮಾಡಿದರೆ ಗಾಜಿನೊಳಗೆ ಬಿಗಿತ ಉಳಿದುಕೊಂಡು, ಗಾಳಿ ಎಳೆದ ಕೂಡಲೇ ಸಿಡಿಯುತ್ತದೆ. ಓವನ್ನಿನ ಬಾಗಿಲು ಮುಚ್ಚಿ ಅವಳು ಮನೆಗೆ ಹೋದಳು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಂದು ನೋಡಿದರೆ ಕೋಣೆಯ ತುಂಬ ಜನ. ಓವನ್ನಿನ ಸುತ್ತ ಕುರ್ಚಿ ಹಾಕಿಕೊಂಡು ಮೌನಿಯವರ ಹದಿನಾಲ್ಕು ಮಂದಿ ಶಿಷ್ಯರು ಕಣ್ಣು ಮುಚ್ಚಿ ಕೂತಿದ್ದರು. ನಡುವೆ ಪ್ರೊಫೆಸರ್. ಓವನ್ನಿನ ಬಾಗಿಲು ನಾಲ್ಕು ಬೆರಳಷ್ಟು ತೆರೆದಿತ್ತು.

ಪಾತ್ರೆ ಗಟ್ಟಿಯಾಗಲೆಂದು ಸಂಕಲ್ಪ ಮಾಡುತ್ತಿದ್ದರಂತೆ. ಕಬ್ಬಿಣದ ಬಾಗಿಲು ಸಂಕಲ್ಪವನ್ನು ತಡೆಯಬಹುದೆಂದು ಯಾರಿಗೋ ಅನುಮಾನ ಬಂದು ಇಪ್ಪತ್ತು ನಿಮಿಷದ ಹಿಂದೆ ತೆಗೆದರಂತೆ. ಬಿಸಿ ಗಾಜಿಗೆ ತಣ್ಣನೆ ಗಾಳಿ ತಾಗಿದರೆ ಏನಾಗುತ್ತದೆಂದು ಹೈಸ್ಕೂಲಿನ ಮಗುವಿಗೂ ಗೊತ್ತು. ಪ್ರೊಫೆಸರರಿಗೆ ಹೈಸ್ಕೂಲು ಬಿಟ್ಟು ಬಹಳ ವರ್ಷವಾಗಿತ್ತು.

ಗಾಜಕ್ಕ ಕೂಗಾಡಲಿಲ್ಲ. ಬಾಗಿಲು ಮುಚ್ಚಿದಳು, ಎಲ್ಲರನ್ನೂ ಹೊರಗೆ ಕಳಿಸಿದಳು, ಮುಟ್ಟುವಷ್ಟು ತಣಿಯುವವರೆಗೆ ಕಾದಳು. ಆಮೇಲೆ ಪಾತ್ರೆಯನ್ನು ಬೆಳಕು ಸೋಸುವ ಎರಡು ಕಪ್ಪು ಪ್ಲಾಸ್ಟಿಕ್ ಹಾಳೆಗಳ ನಡುವೆ ಹಿಡಿದು ಹಿಂದಿನಿಂದ ದೀಪ ಹಾಕಿದಳು. ನೆಮ್ಮದಿಯಾಗಿರುವ ಗಾಜು ಆ ಹಾಳೆಗಳ ನಡುವೆ ಕಪ್ಪಾಗಿಯೇ ಕಾಣುತ್ತದೆ. ಒಳಗೆ ಬಿಗಿತವಿದ್ದರೆ ಬಣ್ಣ ಏಳುತ್ತದೆ. ಮೂರನೇ ಕೈಯ ಬೆಸುಗೆಯಲ್ಲಿ ನವಿಲುಗರಿ ಬಿಚ್ಚಿದಂತೆ ಬಣ್ಣ. ಅದರ ನಡುವೆ ಕೂದಲೆಳೆಯಷ್ಟು ಬಿರುಕು.

ಹೊಸದು ಮಾಡಲು ಆ ದಪ್ಪದ ನಳಿಗೆ ಉಳಿದಿರಲಿಲ್ಲ. ಪಾತ್ರೆಯನ್ನು ಮತ್ತೆ ನಿಧಾನವಾಗಿ ಕಾಯಿಸಿ, ಕಾದದ್ದನ್ನೇ ಹೊರಗೆ ತೆಗೆದು, ಜ್ವಾಲೆಯಲ್ಲಿ ಬಿರುಕನ್ನು ಕರಗಿಸಿ ಕೂಡಿಸಬೇಕು. ನೂರಕ್ಕೆ ಎಂಬತ್ತು ಸಲ ಅದು ಕೈಯಲ್ಲೇ ಚೂರಾಗುತ್ತದೆ.

ಭಾನುವಾರ ಬೆಳಿಗ್ಗೆ ಅವಳು ಜ್ವಾಲೆ ಹಚ್ಚುವಾಗ ಇಬ್ಬರೂ ದೊಡ್ಡವರು ಬಾಗಿಲಲ್ಲಿ ನಿಂತಿದ್ದರು. ಪ್ರೊಫೆಸರರ ಮುಖದಲ್ಲಿ ಪಶ್ಚಾತ್ತಾಪವಿತ್ತು. ಮೌನಿಯವರ ಮುಖದಲ್ಲಿ ಇನ್ನೂ ಉಪನ್ಯಾಸವಿತ್ತು. ನಮ್ಮಿಂದ ಆದ ತಪ್ಪನ್ನು ನಾವೇ ಸರಿಪಡಿಸುತ್ತೇವೆ, ಒಳಗೆ ಕೂತು ಸಂಕಲ್ಪ ಮಾಡಲು ಬಿಡು ಎಂದು ಕೇಳಿದರು.

“ಕೂತ್ಕೊಳ್ಳಿ ಗುರುಗಳೇ. ಆದ್ರೆ ಏನೂ ಅಂದ್ಕೋಬೇಡಿ.”

“ಒಳ್ಳೇದಾಗ್ಲಿ ಅಂತಲಾದ್ರೂ ಅಂದ್ಕೋತೀವಿ ತಾಯಿ.”

“ಅದೂ ಬೇಡ. ಒಳ್ಳೇದಾಗ್ಲಿ ಅಂದ್ಕೊಂಡ್ರೆ ಕೈ ನಡುಗತ್ತೆ. ನಂಗೂ ಹಾಗೇ ಆಗ್ತಿತ್ತು, ಬಿಡೋಕೆ ಎಂಟು ವರ್ಷ ಬೇಕಾಯ್ತು. ಸುಮ್ನೆ ನೋಡ್ತಾ ಇರಿ ಅಷ್ಟೆ.”

ಇಬ್ಬರೂ ಸ್ಟೂಲಿನ ಮೇಲೆ ಕೂತರು. ಅವಳು ಕಪ್ಪು ಕನ್ನಡಕ ಹಾಕಿ, ದಪ್ಪ ಕೈಗವಸಿನಲ್ಲಿ ಪಾತ್ರೆಯನ್ನು ಹೊರತೆಗೆದಳು. ಜ್ವಾಲೆಯನ್ನು ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ, ಮಲಗಿದ ಮಗುವಿನ ಹಣೆ ಮುಟ್ಟುವಂತೆ ಬೆಸುಗೆಗೆ ತಾಗಿಸಿದಳು. ಎಡಗೈ ಪಾತ್ರೆಯನ್ನು ತಿರುಗಿಸುತ್ತಲೇ ಇತ್ತು. ಬಾಯಲ್ಲಿದ್ದ ರಬ್ಬರ್ ನಳಿಗೆಯಿಂದ ಪಾತ್ರೆಯೊಳಕ್ಕೆ ಆಗಾಗ ಒಂದು ಎಳೆ ಉಸಿರು. ಬಿರುಕು ಮೊದಲು ಹೊಳೆಯಿತು, ಆಮೇಲೆ ಮೆತ್ತಗಾಯಿತು, ಆಮೇಲೆ ಎಲ್ಲಿತ್ತೆಂದು ಹುಡುಕಬೇಕಾಯಿತು. ನಲವತ್ತು ನಿಮಿಷ. ಮೌನಿಯವರ ಜೀವಮಾನದಲ್ಲಿ ಅಷ್ಟು ಹೊತ್ತು ಅವರ ಬಾಯಿ ಮುಚ್ಚಿದ್ದು, ನಿದ್ದೆ ಬಿಟ್ಟರೆ, ಅದೇ ಮೊದಲು.

ಪಾತ್ರೆ ಓವನ್ನಿಗೆ ಹೋಗಿ ಬಾಗಿಲು ಮುಚ್ಚಿದ ಮೇಲೆ ಪ್ರೊಫೆಸರ್ ನೋಟ್‌ಬುಕ್ ತೆರೆದರು. ಆ ನಲವತ್ತು ನಿಮಿಷ ಅವಳ ಮನಸ್ಸಿನಲ್ಲಿ ಏನಿತ್ತೆಂದು ಬರೆದುಕೊಳ್ಳಬೇಕಿತ್ತಂತೆ.

“ಮೂರನೇ ಕೈ ಇತ್ತು ಸರ್.”

“ಅದು ಸರಿ ಕಣಮ್ಮ. ನೀನು?”

“ನಾನು ಇದ್ದಿದ್ರೆ ಒಡೀತಿತ್ತು.”

ಪ್ರೊಫೆಸರ್ ಅದನ್ನೇ ಬರೆದುಕೊಂಡರು. ಮೌನಿಯವರು ಎದ್ದು ಬಂದು ಅವಳ ಸುಟ್ಟ ಗಾಯಗಳಿದ್ದ ಬೆರಳುಗಳನ್ನು ಸ್ವಲ್ಪ ಹೊತ್ತು ನೋಡಿ, ಏನನ್ನೂ ಸಾರದೆ ಮನೆಗೆ ಹೋದರು. ಆ ಮನುಷ್ಯನ ಬಗ್ಗೆ ನನಗೆ ಗೌರವ ಹುಟ್ಟಿದ್ದು ಈ ಸಂಗತಿ ಕೇಳಿದ ಮೇಲೆ.

ಸೋಮವಾರ ಹನ್ನೊಂದಕ್ಕೆ ಸಮಿತಿ ಬಂತು. ಅಧ್ಯಕ್ಷೆ ಬೆಳ್ಳಿ ಕೂದಲಿನ ಹಿರಿಯ ವಿಜ್ಞಾನಿ. ನಗುವುದಕ್ಕೂ ಅರ್ಜಿ ಕೊಡಬೇಕೆಂಬ ಮುಖ. ಪಂಪು ಗುರುಗುಟ್ಟಿತು, ಗಾಳಿ ಹೊರಬಂತು, ಮಾಪಕದ ಮುಳ್ಳು ಕೆಳಗಿಳಿಯಿತು. ಗಾಜಕ್ಕ ಗೋಡೆಗೊರಗಿ ಮೂರನೇ ಕೈಯನ್ನೇ ನೋಡುತ್ತಿದ್ದಳು. ಪಂಪಿನ ದಾರಿ ಮುಚ್ಚಿದರು. ಎಲ್ಲಾದರೂ ಗಾಳಿ ಸೋರಿದರೆ ಮುಳ್ಳು ಮೇಲೇರಬೇಕು, ಅದು ಅಲ್ಲೇ ನಿಂತಿತು. ಹತ್ತು ನಿಮಿಷ, ಅರ್ಧ ಗಂಟೆ, ಒಂದು ಗಂಟೆ. ಮುಳ್ಳನ್ನು ಅಲ್ಲಿಗೇ ಅಂಟಿಸಿದ್ದಾರೇನೋ ಎಂದು ಅನುಮಾನಿಸಿ ಸಮಿತಿಯವರೊಬ್ಬರು ಮಾಪಕದ ಗಾಜನ್ನು ತಟ್ಟಿಯೂ ನೋಡಿದರು.

ಆಮೇಲೆ ಪ್ರಯೋಗ. ಹತ್ತು ಸಾವಿರ ಕಣಗಳಲ್ಲಿ ಐದು ಸಾವಿರದ ಹನ್ನೆರಡು ಬಲಕ್ಕೆ ಹೋದವು. ಆ ಹನ್ನೆರಡನ್ನು ಹಿಡಿದುಕೊಂಡು ಪ್ರೊಫೆಸರ್ ಮಾತು ಶುರುಮಾಡುವಷ್ಟರಲ್ಲಿ ಮೌನಿಯವರೇ ಅಡ್ಡ ಬಂದರು. ನಾನು ಸಂಕಲ್ಪ ಮಾಡಿಯೇ ಇಲ್ಲ, ನೋಡುತ್ತಾ ಕೂತುಬಿಟ್ಟೆ ಎಂದರು. ಅಧ್ಯಕ್ಷೆ, ನಾವು ಟೀ ಕುಡೀತಾ ಕೂತಿದ್ದರೂ ಇಷ್ಟೇ ಬರುತ್ತಿತ್ತು ಎಂದು ಹೇಳಿ ಹಾಳೆ ಮಡಚಿಟ್ಟರು.

“ಇದನ್ನ ಮಾಡಿದ್ದು ಯಾರು?”

ಪ್ರೊಫೆಸರ್, ಇದು ಪ್ರಜ್ಞೆ ಮತ್ತು ಕ್ವಾಂಟಂ ವಿಜ್ಞಾನಗಳ ಸಂಗಮದ ಫಲವೆಂದು ಆರಂಭಿಸಿದರು.

“ಪಾತ್ರೆ ಮಾಡಿದ್ದು ಯಾರು ಅಂತ ಕೇಳಿದೆ.”

ಪ್ರೊಫೆಸರರ ಬಗ್ಗೆ ಇಷ್ಟನ್ನು ಹೇಳಲೇಬೇಕು. ಅವರು ಭಾಷಣವನ್ನು ಅಲ್ಲೇ ನುಂಗಿ, ಗೋಡೆಯ ಕಡೆ ಕೈ ತೋರಿಸಿದರು. ಓವನ್ನಿನ ಬಾಗಿಲು ತೆಗೆಸಿದ್ದು ತಾವೇ ಎಂಬುದನ್ನೂ, ಕೋಣೆ ಬೇಡವೆಂದು ಬರೆದದ್ದು ತಪ್ಪೆಂಬುದನ್ನೂ ಎಲ್ಲರೆದುರು ಒಪ್ಪಿಕೊಂಡರು. ಅಧ್ಯಕ್ಷೆ ಎರಡು ಕಪ್ಪು ಹಾಳೆ ತರಿಸಿ ಪಾತ್ರೆಯನ್ನು ತಾವೇ ದೀಪಕ್ಕೆ ಹಿಡಿದರು. ಎಲ್ಲಿಯೂ ಒಂದು ಚುಕ್ಕೆ ಬಣ್ಣವಿಲ್ಲ, ಬರೀ ಕಪ್ಪು. ಬಹಳ ಹೊತ್ತು ನೋಡಿ, ಯಾರೂ ಅರ್ಜಿ ಕೊಡದಿದ್ದರೂ ನಕ್ಕರು.

“ಈ ಕೋಣೆ ಎಲ್ಲಿಗೂ ಹೋಗಲ್ಲ. ಕಲಿಯೋಕೆ ಇಬ್ಬರನ್ನ ಕಳಿಸ್ತೀನಿ. ಇನ್ನೇನು ಬೇಕು ಹೇಳಮ್ಮ.”

ಇಪ್ಪತ್ತಾರು ವರ್ಷದಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಹೊಸ ಬರ್ನರ್ ಕೇಳಬಹುದಿತ್ತು, ಫ್ಯಾನು ಕೇಳಬಹುದಿತ್ತು. ಗಾಜಕ್ಕ ಸೆರಗಿನಿಂದ ಕೈ ಒರೆಸಿಕೊಂಡು, ಗೋಡೆಯಿಂದ ಮುಂದೆ ಬಂದು ನಿಂತಳು.

“ಓವನ್ನಿಗೆ ಒಂದು ಬೀಗ ಕೊಡಿಸಿ ಮೇಡಂ. ಕೀಲಿ ನನ್ನ ಹತ್ರಾನೇ ಇರ್ಲಿ.”