ಷಷ್ಠಿಯಂದು ಬಂದ ಏಕಾದಶಿ

2000ನೇ ಇಸವಿ ಸೆಪ್ಟೆಂಬರ್ 3, ಭಾನುವಾರ. ಪೂರ್ವ ನೆವಾಡಾದ ಒಂದು ಕ್ಯಾಂಪಿನಲ್ಲಿ ನಮ್ಮ ಎದುರು ಮನೆಯ ಅಮ್ಮ, ಇವತ್ತು ಏಕಾದಶಿ ಎಂದು ಹೇಳಿ ರಾತ್ರಿಯ ಊಟ ಬಿಟ್ಟರು. ಅಂದು ಏಕಾದಶಿ ಆಗಿರಲಿಲ್ಲ. ಶುಕ್ರವಾರವಷ್ಟೇ ಅದೇ ಅಮ್ಮ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನ ಅಪಾರ್ಟ್‌ಮೆಂಟಿನಲ್ಲಿ ಗಣೇಶ ಚೌತಿಯ ಪೂಜೆ ಮಾಡಿಸಿ, ಕಡುಬು ಬೇಯಿಸಿ ನಮಗೆಲ್ಲ ಬಡಿಸಿದ್ದರು. ಚೌತಿಯಾಗಿ ಎರಡೇ ದಿನಕ್ಕೆ ಏಕಾದಶಿ ಬರುವುದಿಲ್ಲ. ಮೇಜಿನ ಸುತ್ತ ಕೂತಿದ್ದ ದೊಡ್ಡವರಿಗೆಲ್ಲ ಅದು ಗೊತ್ತಿತ್ತು.

ಕಳೆದ ತಿಂಗಳು ಗರಾಜು ಖಾಲಿ ಮಾಡುವಾಗ ಒಂದು ನೀಲಿ ಐಸ್ ಪೆಟ್ಟಿಗೆ ಸಿಕ್ಕಿತು. ಹಿಡಿಗೆ ಕೆಂಪು ರವಿಕೆ ಬಟ್ಟೆಯ ಚೂರು ಕಟ್ಟಿದ್ದು ಹಾಗೇ ಇತ್ತು, ಬಣ್ಣ ಮಾತ್ರ ಹೋಗಿತ್ತು. ಮುಚ್ಚಳ ತೆಗೆದರೆ ಹಳೆಯ ಪ್ಲಾಸ್ಟಿಕ್ಕಿನ ವಾಸನೆ, ಅದರ ಅಡಿಯಲ್ಲಿ ಇಂಗು. ಇಷ್ಟು ವರ್ಷದ ಮೇಲೆ ಇಂಗಿನ ವಾಸನೆ ಉಳಿದಿರಲು ಸಾಧ್ಯವೇ ಎಂದು ಗಂಡನನ್ನು ಕರೆದು ಮೂಸಿ ನೋಡಲು ಹೇಳಿದೆ. ಅವರು ಬಗ್ಗಿ ಮೂಸಿದರು. ಮುಚ್ಚಳ ಹಾಕಿ ಎದ್ದರು.

ಅಮ್ಮ ಉಡುಪಿಯವರು. ಆ ವರ್ಷ ಏಪ್ರಿಲ್‌ನಲ್ಲಿ ಮಗನ ಮನೆಗೆ ಆರು ತಿಂಗಳಿಗೆಂದು ಬಂದಿದ್ದರು. ಮಗ ಒಂದು ಸ್ಟಾರ್ಟಪ್ ಕಂಪನಿಯಲ್ಲಿದ್ದರು. ಮನೆಗೆ ನಿದ್ದೆ ಮಾಡಲು ಮಾತ್ರ ಬರುತ್ತಿದ್ದರು, ಕೆಲವು ದಿನ ಅದಕ್ಕೂ ಇಲ್ಲ. ಅಮ್ಮನ ಮಾತುಕತೆಯೆಲ್ಲ ಸೊಸೆಯ ಜೊತೆ ಮತ್ತು ಹಾಸನದ ಕಡೆಯವಳಾದ ನನ್ನ ಜೊತೆ. ಸಾರಿಗೆ ನಾನು ಬೆಳ್ಳುಳ್ಳಿ ಒಗ್ಗರಣೆ ಹಾಕಿದ ದಿನ ಎದುರಿನ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ತೆರೆದು, "ಆಯ್ತಾ ನಿಮ್ಮ ಹೋಮ?" ಎಂಬ ಪ್ರಶ್ನೆ ಬರುತ್ತಿತ್ತು. ಅವರು ಈರುಳ್ಳಿ, ಬೆಳ್ಳುಳ್ಳಿ ತಿನ್ನುತ್ತಿರಲಿಲ್ಲ. ಹೊರಗಿನದ್ದನ್ನು, ಬೇರೆಯವರ ಒಲೆಯಲ್ಲಿ ಬೆಂದದ್ದನ್ನು ತಿನ್ನುತ್ತಿರಲಿಲ್ಲ. ಅದನ್ನು ಯಾರ ಮೇಲೂ ಹೇರುತ್ತಿರಲಿಲ್ಲ, ಅದಕ್ಕಾಗಿ ಯಾರ ಕ್ಷಮೆಯನ್ನೂ ಕೇಳುತ್ತಿರಲಿಲ್ಲ.

ಸೋಮವಾರ ಲೇಬರ್ ಡೇ ರಜೆ ಇದ್ದದ್ದರಿಂದ ಮಗನಿಗೆ ಅಮ್ಮ ಬಂದ ಮೇಲೆ ಮೊದಲ ಬಾರಿ ಒಟ್ಟಿಗೆ ಮೂರು ದಿನ ಬಿಡುವು ಸಿಕ್ಕಿತು. ಅಮ್ಮನಿಗೆ ಮರುಭೂಮಿ ತೋರಿಸಬೇಕು, ಅಲ್ಲಿಯ ಆಕಾಶ ತೋರಿಸಬೇಕು ಎಂದು ಹಟ ಹಿಡಿದರು. ವ್ಯಾನು ಬಾಡಿಗೆಗೆ ತೆಗೆದುಕೊಂಡು ಎರಡೂ ಮನೆಯವರು ಮಕ್ಕಳ ಸಮೇತ ಹೋಗುವುದೆಂದಾಯಿತು. ಒಂದು ಊರಿನಿಂದ ಇನ್ನೊಂದು ಊರಿಗೆ ನೂರು ಮೈಲಿ ಏನೂ ಇಲ್ಲದ ರಸ್ತೆ ಅದು. ಅಮ್ಮ ಮೊದಲಿಗೆ ಒಪ್ಪಲಿಲ್ಲ.

"ನೀವೆಲ್ಲ ಹೋಗಿ ಬನ್ನಿ. ನಾನು ಇಲ್ಲೇ ಇರ್ತೇನೆ. ಅಲ್ಲಿ ನನ್ನ ಊಟದ್ದೇ ಒಂದು ರಗಳೆ."

"ರಗಳೆ ಎಂತದ್ದು ಅಮ್ಮ? ನಿಂಗೆ ಬೇರೆ ಪೆಟ್ಟಿಗೆ, ಬೇರೆ ಐಸು. ಯಾರೂ ಮುಟ್ಟೂದಿಲ್ಲ. ನಾನು ನೋಡ್ಕೊಳ್ತೇನಲ್ಲ," ಎಂದರು ಮಗ.

ಅಮ್ಮ ಕೇಳಿದ್ದು ಅದೊಂದನ್ನೇ. ಪೆಟ್ಟಿಗೆ ಗುರುತಾಗಲಿ ಎಂದು ಕೆಂಪು ಬಟ್ಟೆಯ ಚೂರನ್ನು ಅವರೇ ಕಟ್ಟಿದರು. ಬಡಿಸಲು ಒಂದು ಸ್ಟೀಲಿನ ಸೌಟು ಒಳಗಿಟ್ಟು, ಅದನ್ನು ಬಿಟ್ಟು ಬೇರೇನನ್ನೂ ಪಾತ್ರೆಗೆ ಹಾಕಬಾರದು ಎಂದು ಎಲ್ಲರಿಗೂ ಹೇಳಿದರು. "ಅಮ್ಮನ ಡಬ್ಬಕ್ಕೆ ಪಾಸ್‌ವರ್ಡು ಇದೆ ಕಣ್ರಪ್ಪ," ಎಂದು ನನ್ನ ಗಂಡ ನಗಾಡಿದರು. ಅಮ್ಮನೂ ನಕ್ಕರು.

ಸಾಮಾನು ತರುವ ಕೆಲಸ ಹಿಂದಿನ ಭಾನುವಾರವೇ ಶುರುವಾಯಿತು. ಮೌಂಟನ್ ವ್ಯೂನಲ್ಲಿ ರೈಲು ನಿಲ್ದಾಣದ ಪಕ್ಕ ರೈತರ ಸಂತೆ ಇತ್ತು. ಅಮ್ಮ ಅಲ್ಲಿ ಎಲೆಕೋಸನ್ನು ಕೈಯಲ್ಲಿ ತೂಗಿ, ಸೌತೆಕಾಯಿಯ ತೊಟ್ಟು ನೋಡಿ, ಬರುವ ದಾರಿಯ ಅಂಗಡಿಯಲ್ಲಿ ಇನ್ನೂ ಹಸಿರಾಗಿದ್ದ ಬಾಳೆಹಣ್ಣಿನ ಚಿಪ್ಪು ಹುಡುಕಿ ತೆಗೆದರು. ನಾನು ತೆಗೆದುಕೊಂಡ ಸೊಪ್ಪು, ದ್ರಾಕ್ಷಿ ನೋಡಿ, "ಇದು ಮರುಭೂಮಿ ನೋಡ್ಲಿಕ್ಕೆ ಬರ್ತದಾ? ದಾರಿಯಲ್ಲೇ ಇಳ್ದು ಹೋಗ್ತದೆ," ಎಂದರು. ಶುಕ್ರವಾರ ಸಂಜೆ ನಾವು ಗ್ರೋಸರಿಯಿಂದ ತಂದದ್ದು ಹಾಲಿನ ಕ್ಯಾನು, ಮೊಟ್ಟೆ, ಬ್ರೆಡ್ಡು, ಹೆಚ್ಚಿದ ಕಲ್ಲಂಗಡಿ, ಚೀಲದಲ್ಲಿ ತುಂಬಿದ ಸಲಾಡಿನ ಎಲೆ. ಆ ಚೀಲವನ್ನು ಅಮ್ಮ ಬೆಳಕಿಗೆ ಹಿಡಿದು ನೋಡಿದರು. "ಹುಲ್ಲನ್ನು ತೊಳೆದು ಕೊಟ್ಟದ್ದಕ್ಕೆ ದುಡ್ಡಾ?"

ನಮ್ಮ ಪೆಟ್ಟಿಗೆಗೆ ಹಾಕಿದ ಐಸು ಸಾಲದು ಎಂದೂ ಹೇಳಿದರು. ದಾರೀಲಿ ಸಿಗುತ್ತೆ ಬಿಡಿ ಅಮ್ಮ, ಎಂದೆ.

"ಅಲ್ಲಿ ಯಾರು ಅಂಗಡಿ ಇಟ್ಕೊಂಡು ನಿಮ್ಗೆ ಕಾಯ್ತಾ ಕೂತಿದ್ದಾರೆ ಮಾರಾಯ್ತಿ?"

ಅವರ ಪೆಟ್ಟಿಗೆಯಲ್ಲಿ ಇದ್ದದ್ದು ಇಷ್ಟು: ಹಾಲು ಹಾಕಿ ನಾದಿದ ಚಪಾತಿ, ಎಲೆಕೋಸಿನ ಪಲ್ಯ, ಸೌತೆಕಾಯಿ, ಬಾಳೆಹಣ್ಣು, ನಿಂಬೆ, ಒಂದು ಚೀಲ ದಪ್ಪ ಅವಲಕ್ಕಿ, ಸ್ಟೀಲಿನ ಡಬ್ಬದಲ್ಲಿ ಹೆಪ್ಪು ಹಾಕಿದ ಮೊಸರು, ಮತ್ತು ಮನೆಯಲ್ಲೇ ಮಾಡಿ ಪುಟ್ಟ ಬಾಟಲಿಗೆ ತುಂಬಿದ ಒಗ್ಗರಣೆ. ಸಾಸಿವೆ, ಒಣಮೆಣಸು, ಕರಿಬೇವು, ಇಂಗು. ಆ ಬಾಟಲಿ ದಾರಿಯಲ್ಲಿ ಸ್ವಲ್ಪ ಸೋರಿತು…

ಶನಿವಾರ ಬೆಳಗಿನ ಜಾವ ಹೊರಟೆವು. ರೀನೋ ಪಟ್ಟಣ ದಾಟಿದ ಮೇಲೆ ಅಮ್ಮ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ಇಷ್ಟು ಜಾಗ ಖಾಲಿ ಬಿಟ್ಟಿದ್ದಾರಲ್ಲ, ಯಾರಿಗಾದ್ರೂ ಗೊತ್ತುಂಟಾ?" ಎಂದು ಕೇಳಿದರು. ಮಗ ಸ್ಟೀರಿಂಗ್ ಹಿಡಿದು ತುಂಬ ಹೊತ್ತು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಐಸು ತುಂಬಿಸಿಕೊಳ್ಳಲು ಮ್ಯಾಪಿನಲ್ಲಿ ಗುರುತು ಹಾಕಿಟ್ಟಿದ್ದ ಪೆಟ್ರೋಲು ಬಂಕು ಬಂತು. ಅದರ ಕಿಟಕಿಗಳಿಗೆ ಹಲಗೆ ಬಡಿದಿತ್ತು.

ಕ್ಯಾಂಪಿನಲ್ಲಿ ಮರದ ಎರಡು ಕ್ಯಾಬಿನ್ನು, ಹೊರಗೆ ಮೇಜು, ಬೆಂಚು, ನೀರಿನ ನಲ್ಲಿ. ಮೊದಲ ರಾತ್ರಿ ನಾವು ತಂದಿದ್ದ ಪುಟ್ಟ ಸ್ಟೌವಿನ ಮೇಲೆ ಆಮ್ಲೆಟ್ಟು ಮಾಡಿದೆವು. ಅಲ್ಲಿಗೆ ಆ ಸ್ಟೌವು ಅಮ್ಮನ ಪಾಲಿಗೆ ಮುಗಿಯಿತು. ಅವರು ತಮ್ಮ ಚಪಾತಿ ಬಿಚ್ಚಿ ಉಂಡರು, ತೃಪ್ತಿಯಾಗಿಯೇ ಉಂಡರು.

ಭಾನುವಾರ ಬೆಳಿಗ್ಗೆ ನಮ್ಮ ಪೆಟ್ಟಿಗೆ ತೆರೆದಾಗ ಐಸು ನೀರಾಗಿತ್ತು. ಮಕ್ಕಳು ಜ್ಯೂಸಿಗೆಂದು ದಾರಿಯುದ್ದಕ್ಕೂ ಮುಚ್ಚಳ ತೆಗೆದು ಹಾಕಿ ಮಾಡಿದ್ದರು. ಬ್ರೆಡ್ಡು ತೇಲುತ್ತಿತ್ತು, ಕಲ್ಲಂಗಡಿ ಹುಳಿ ವಾಸನೆ ಹೊಡೆಯುತ್ತಿತ್ತು, ಹಾಲು ಒಡೆದಿತ್ತು. ಚಿಪ್ಸು, ಬೀನ್ಸಿನ ಎರಡು ಡಬ್ಬಿ ಮಾತ್ರ ಉಳಿದವು. ಹತ್ತಿರದ ಊರಿಗೆ ಹೋಗಿ ಬರಲು ಅರ್ಧ ದಿನ ಬೇಕಿತ್ತು. ಗಂಡಸರು ಕ್ಯಾಂಪಿನ ಹತ್ತಿರದ ಗುಹೆ ನೋಡಲು ಮೊದಲೇ ಟಿಕೆಟ್ಟು ತೆಗೆದಿದ್ದರು. ಯಾರು ಮೊದಲು ಹೇಳಿದರೋ ನೆನಪಿಲ್ಲ… ಅಮ್ಮನ ಪೆಟ್ಟಿಗೆಯಲ್ಲಿ ಬೇಕಾದಷ್ಟಿದೆಯಲ್ಲ ಎಂಬ ಮಾತು ಬಂತು. ಯಾರೂ ಅದನ್ನು ಬೇಡವೆನ್ನಲಿಲ್ಲ, ನಾನೂ ಎನ್ನಲಿಲ್ಲ.

ಮಗ ಹೋಗಿ ಕೇಳಿದರು. ಅಮ್ಮ ತಾವೇ ಪೆಟ್ಟಿಗೆ ತೆರೆದು, ಸೌಟು ಹಿಡಿದು ಬಡಿಸಿದರು. "ಮಕ್ಳಿಗೆ ಮೊದ್ಲು ಹಾಕುವ. ಹಸಿದ ಮಕ್ಕಳ ಎದುರು ನಾನೊಬ್ಳೇ ಉಣ್ಲಿಕ್ಕಾಗ್ತದಾ?" ಮಧ್ಯಾಹ್ನದ ಹೊತ್ತಿಗೆ ಚಪಾತಿ, ಪಲ್ಯ, ಬಾಳೆಹಣ್ಣು, ಸೌತೆಕಾಯಿ ಎಲ್ಲ ಮುಗಿದವು. ಅಮ್ಮನೂ ನಮ್ಮೊಡನೆ ಒಂದಿಷ್ಟು ತಿಂದರು. ಉಳಿದದ್ದು ಕೊನೆಯ ಅವಲಕ್ಕಿ, ಕೊನೆಯ ಮೊಸರು. ಅದು ರಾತ್ರಿಗೆ, ಅಮ್ಮನಿಗೆ.

ಸಂಜೆ ಸೂರ್ಯ ಮುಳುಗುತ್ತಿದ್ದಂತೆ ಅಮ್ಮ ಅವಲಕ್ಕಿ ನೆನೆಸಿ, ಮೊಸರು ಕಲಸಿ, ಒಗ್ಗರಣೆ ಸುರಿದು, ಪಾತ್ರೆಗೆ ತಟ್ಟೆ ಮುಚ್ಚಿ ಮೇಜಿನ ತುದಿಗೆ ಇಟ್ಟರು. ಕೈಕಾಲು ತೊಳೆಯಲು ನಲ್ಲಿಯ ಹತ್ತಿರ ಹೋದರು. "ಇದು ಅತ್ತೇದು. ಇದನ್ನ ಮಾತ್ರ ಯಾರೂ ಮುಟ್ಟೋ ಹಾಗಿಲ್ಲ," ಎಂದಳು ಸೊಸೆ. ಎಲ್ಲರೂ ತಲೆಯಾಡಿಸಿದೆವು.

ಮಗ ಮತ್ತು ನನ್ನ ಗಂಡ ಬೀನ್ಸಿನ ಡಬ್ಬಿ ಮುಂದಿಟ್ಟುಕೊಂಡು ಪ್ಲಾಸ್ಟಿಕ್ ಚಮಚದಲ್ಲಿ ತಿನ್ನುತ್ತ ಷೇರಿನ ಮಾತಿಗೆ ಬಿದ್ದಿದ್ದರು. ಕಂಪನಿ ಷೇರು ಮಾರುಕಟ್ಟೆಗೆ ಬಂದ ಮೇಲೆ ಮಾರಬೇಕೋ, ಇಟ್ಟುಕೊಳ್ಳಬೇಕೋ ಎಂಬ ಲೆಕ್ಕ. ಮಗನ ಗಮನವೆಲ್ಲ ಅದರಲ್ಲಿತ್ತು. ಮಾತಿನ ನಡುವೆ ಕೈ ಚಾಚಿ ತಟ್ಟೆ ಸರಿಸಿದರು. "ಆಹಾ, ಅಮ್ಮನ ಮೊಸರವಲಕ್ಕಿ," ಎಂದು ಅದೇ ಚಮಚದಲ್ಲಿ ಒಂದು ತುತ್ತು ತೆಗೆದು ಬಾಯಿಗಿಟ್ಟರು. ಮಾತು ಮುಂದುವರಿಸುತ್ತಲೇ ಬಾಯಿಂದ ಬಂದ ಚಮಚವನ್ನು ಮತ್ತೆ ಪಾತ್ರೆಯೊಳಗೆ ಅದ್ದಿದರು.

"ಏನ್ರೀ ಇದು!" ಎಂದಳು ಹೆಂಡತಿ.

ಅವರು ತಮ್ಮ ಕೈ ನೋಡಿಕೊಂಡರು. ಆಮೇಲೆ ತಲೆ ಎತ್ತಿದರು. ಅಮ್ಮ ಒದ್ದೆ ಕೈಯಲ್ಲಿ ಮೇಜಿನ ಹತ್ತಿರವೇ ನಿಂತಿದ್ದರು.

ಎಂಜಲೆಂದರೆ ಏನು ಎಂದು ಆ ಮಗನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅದೇ ಅಮ್ಮನ ಅಡುಗೆಮನೆಯಲ್ಲಿ ಬೆಳೆದವರು. ಅವರ ಮುಖದಲ್ಲಿ ಆಗ ಕಂಡದ್ದನ್ನು ನಾನು ವರ್ಣಿಸಲಾರೆ. ಚಮಚವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಕೂತಿದ್ದರು.

ಅಮ್ಮ ಸೆರಗಿಗೆ ಕೈ ಒರೆಸಿಕೊಂಡರು. "ಅಯ್ಯೋ, ನಂಗೆ ಮರ್ತೇ ಹೋಗಿತ್ತು ನೋಡಿ. ಇವತ್ತು ಏಕಾದಶಿ ಅಲ್ವಾ! ಸುಮ್ನೆ ಕಲಸಿ ಬಿಟ್ಟೆ. ನೀವೇ ಉಂಡು ಮುಗಿಸಿ ಮಾರಾಯ್ರೆ, ನಾಳೆಗೆ ಇಟ್ರೆ ಹುಳಿ ಬರ್ತದೆ."

ನಮ್ಮ ಮಗಳಿಗೆ ಆಗ ಆರು ವರ್ಷ.

"ಏಕಾದಶಿ ಅಂದ್ರೆ ವಾಟ್, ಅಜ್ಜಿ?"

"ಅಮಾಸೆ ಆಗಿ ಹನ್ನೊಂದನೇ ದಿನ, ಮಗಾ. ಚಂದ್ರ ದೊಡ್ಡ ಆಗ್ತಾ ಬರ್ತಾನಲ್ಲ, ಆವಾಗ. ಅವತ್ತು ಉಣ್ಲಿಕ್ಕಿಲ್ಲ."

ಮಗಳು ಆಕಾಶ ನೋಡಿದಳು. ನಾವೂ ನೋಡಿದೆವು. ಗುಡ್ಡದ ಮೇಲೆ ಚಂದ್ರನಿದ್ದ, ಅರ್ಧವೂ ತುಂಬಿರಲಿಲ್ಲ.

"ಬಟ್ ಇಟ್ಸ್ ಸೋ ಸ್ಮಾಲ್!"

ನಾನು ಅವಳ ಕೈ ಜಗ್ಗಿದೆ. ಅಮ್ಮ ಮಾತ್ರ ತಡವರಿಸಲಿಲ್ಲ. "ಈ ಊರಲ್ಲಿ ಹಾಗೇ ಕಾಣ್ತದೆ," ಎಂದರು.

ಮಗ ಎದ್ದು ನಿಂತು, "ಅಮ್ಮ, ನಾನು ಈಗ್ಲೇ ಊರಿಗೆ ಹೋಗಿ ಏನಾದ್ರೂ…" ಎಂದು ಶುರು ಮಾಡಿದರು.

"ಕತ್ತಲಲ್ಲಿ ಎಲ್ಲಿಗೆ ಹೋಗ್ತಿ? ಉಪವಾಸ ಇರುವವಳಿಗೆ ಎಂತ ತರ್ತಿ? ಕೂತ್ಕೋ. ಉಣ್ಣು. ಇನ್ನೂ ತಣ್ಣಗೇ ಉಂಟು ಅದು."

ಉಂಡೆವು. ಅಮ್ಮ ಬೆಂಚಿನ ತುದಿಯಲ್ಲಿ ಕೂತು ನೀರು ಕುಡಿದು, ಊಟದ ಮೇಲೆ ತೆಗೆದುಕೊಳ್ಳುವ ಬಿ.ಪಿ. ಮಾತ್ರೆಯನ್ನು ಬರಿಹೊಟ್ಟೆಯಲ್ಲೇ ನುಂಗಿದರು. ಎರಡು ದಿನ ಬಿಸಿಲಿನಲ್ಲಿ ಬಂದಿದ್ದರೂ ಮೊಸರು ಹುಳಿಯಾಗಿರಲಿಲ್ಲ. ಮಗ ತಮ್ಮ ತಟ್ಟೆಗೆ ಹಾಕಿದ್ದನ್ನು ತಲೆ ಎತ್ತದೆ ಪೂರ್ತಿ ತಿಂದರು. ಆಮೇಲೆ ನಕ್ಷತ್ರಗಳು ಬಂದವು. ಅಮ್ಮನಿಗೆ ತೋರಿಸಬೇಕೆಂದೇ ಅವರು ಅಷ್ಟು ದೂರ ಬಂದಿದ್ದರು. ತೋರಿಸಿದ್ದು ನನ್ನ ಗಂಡ.

ಸೋಮವಾರ ಮಧ್ಯಾಹ್ನ ರೀನೋ ತಲುಪಿದಾಗ ಮಗ ವ್ಯಾನು ನಿಲ್ಲಿಸಿ ಓಡಿಹೋಗಿ ಬಾಳೆಹಣ್ಣು ತಂದರು. ಅಮ್ಮ ಪಾರ್ಕಿಂಗಿನಲ್ಲಿ ನಿಂತೇ ತಿಂದರು. "ದ್ವಾದಶಿ ಪಾರಣೆ ಇಷ್ಟು ತಡ ಮಾಡ್ಲಿಕ್ಕಿಲ್ಲ," ಎಂದು ಅವರು ಹೇಳಿದ್ದು ಸೊಸೆಗೆ. ಅವಳು ಮುಖ ಆಚೆ ತಿರುಗಿಸಿದಳು.

ಕ್ಯಾಲಿಫೋರ್ನಿಯಾ ಗಡಿಯಲ್ಲಿ ಹೊರಗಿನಿಂದ ಬರುವ ಹಣ್ಣು ತರಕಾರಿಗಳ ತಪಾಸಣೆ ಇತ್ತು. ಏನಾದರೂ ಇದೆಯೇ ಎಂದು ಅಧಿಕಾರಿ ಕೇಳಿದ. ಮಗ ಇಳಿದು ಹಿಂದಿನ ಬಾಗಿಲು ತೆರೆದು, ಕೆಂಪು ಬಟ್ಟೆ ಕಟ್ಟಿದ ಪೆಟ್ಟಿಗೆಯ ಮುಚ್ಚಳ ಎತ್ತಿದರು. ಒಳಗೆ ನೀರು, ಖಾಲಿ ಡಬ್ಬ, ಸೌಟು. ಹೋಗಬಹುದು ಎಂದು ಅಧಿಕಾರಿ ಕೈ ಬೀಸಿದ ಮೇಲೂ ಅವರು ಸ್ವಲ್ಪ ಹೊತ್ತು ಮುಚ್ಚಳ ಹಿಡಿದು ನಿಂತಿದ್ದರು…

ಅಕ್ಟೋಬರಿನಲ್ಲಿ ಅಮ್ಮ ಊರಿಗೆ ಮರಳಿದರು. ಹೊರಡುವ ದಿನ ನನ್ನ ಮಗಳ ಕೆನ್ನೆ ಹಿಂಡಿ, "ಇನ್ನು ಬೆಳ್ಳುಳ್ಳಿ ಧಾರಾಳ ಹಾಕಿ, ಬಾಗಿಲು ಮುಚ್ಚುವವರು ಯಾರೂ ಇಲ್ಲ," ಎಂದು ನನಗೆ ಹೇಳಿದರು. ಮತ್ತೆ ಅವರು ಅಮೆರಿಕಕ್ಕೆ ಬರಲಿಲ್ಲ. ಮರುವರ್ಷ ಮಗನ ಕಂಪನಿ ಮುಚ್ಚಿತು. ಅವರು ಟೆಕ್ಸಸ್‌ಗೆ ಹೊರಟರು. ಸಾಮಾನಿನ ಲಾರಿ ಹೋದ ಮೇಲೆ ನೋಡಿದರೆ ನೀಲಿ ಪೆಟ್ಟಿಗೆ ನಮ್ಮ ಬಾಗಿಲ ಬಳಿ ಇತ್ತು. ಮರೆತು ಬಿಟ್ಟು ಹೋದರೋ ಏನೋ ಎಂದು ಫೋನು ಮಾಡಿದೆ. "ನೀವೇ ಇಟ್ಕೊಳ್ಳಿ," ಎಂದರು ಮಗ.

ಗರಾಜು ಖಾಲಿ ಮಾಡಿದ ವಾರ, ಹಲವು ವರ್ಷಗಳ ನಂತರ, ಸೊಸೆಗೆ ಫೋನು ಮಾಡಿದೆ. ಅಮ್ಮ ತೀರಿಕೊಂಡು ನಾಲ್ಕು ವರ್ಷವಾಯಿತಂತೆ. ನಮಗೆ ತಿಳಿದಿರಲಿಲ್ಲ. ಆ ಪ್ರವಾಸದ ಮಾತನ್ನು ನಾನು ಎತ್ತಲಿಲ್ಲ. ಪೆಟ್ಟಿಗೆ ಸಿಕ್ಕಿತು ಎಂದಷ್ಟೇ ಹೇಳಿದೆ. ಅವಳು ಗಂಡನ ಸುದ್ದಿ ಹೇಳಿದಳು. ಪ್ರತಿ ವರ್ಷ ಚೌತಿಯಾಗಿ ಎರಡನೇ ದಿನ, ಷಷ್ಠಿಯ ರಾತ್ರಿ, ಅವರು ಊಟ ಮಾಡುವುದಿಲ್ಲ. ಯಾಕೆಂದು ಮಕ್ಕಳು ಕೇಳಿದರೆ, ಇವತ್ತು ಏಕಾದಶಿ ಎನ್ನುತ್ತಾರಂತೆ.