ಎಂಟು ಗಂಟೆಯೊಳಗೆ ತಿರುಗಬೇಕಾದ ಮೋಟಾರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗುಜರಿ ಅಂಗಳದಲ್ಲಿ ಮಗುಚಿ ಹಾಕಿದ ಹಳೆಯ ವಾಷಿಂಗ್ ಮಷೀನಿನ ಹೊಟ್ಟೆಯೊಳಗೆ ಮೊಣಕೈವರೆಗೆ ತೋಳು ತೂರಿಸಿಕೊಂಡು ಮೋಟಾರಮ್ಮ ಬೈಯುತ್ತಿದ್ದಾರೆ. ಬೈಗುಳ ಮಷೀನಿಗಲ್ಲ, ಅದನ್ನು ತಂದು ಹಾಕಿದವನಿಗೆ. ತುಸು ತಾಮ್ರದ ಆಸೆಗೆ ಅವನು ಮೋಟಾರಿನ ಮೂರೂ ವೈರುಗಳನ್ನು ಬುಡಕ್ಕೇ ಕತ್ತರಿಸಿದ್ದಾನೆ.

“ಯಾವುದು ಯಾವ ವೈರು ಅಂತ ಈಗ ಕಣಿ ಕೇಳ್ಬೇಕಾ ನಾನು? ಪುಣ್ಯಾತ್ಮ, ಬುಡ ಮುಟ್ಟದೆ ಕತ್ತರಿಸಕ್ಕೆ ಏನು ರೋಗ!”

ಈ ಅಂಗಳದ ಕಾನೂನು ಸರಳ. ಎಂಟಕ್ಕೆ ಸುತ್ತಿಗೆಯವರು ಬರುತ್ತಾರೆ. ಅಷ್ಟರೊಳಗೆ ತಿರುಗಿ ತೋರಿಸಿದ ಮೋಟಾರು ಮೋಟಾರಮ್ಮನದು, ಮಿಕ್ಕದ್ದು ಒಡೆದು ತಾಮ್ರ. ಹಾಗಾಗಿ ಹದಿನಾಲ್ಕು ವರ್ಷಗಳಿಂದ ಅವರು ಸುತ್ತಿಗೆಗಿಂತ ಎರಡು ಗಂಟೆ ಮೊದಲೇ ಬರುತ್ತಾರೆ. ದಿನಕ್ಕೆ ನಾಲ್ಕು ಮಷೀನು ಬಿಚ್ಚಿದರೆ ಎರಡು ಮೋಟಾರು ಬದುಕುತ್ತವೆ.

ವರ್ಷಗಟ್ಟಲೆ ಊರ ಕೊಳೆ ತೊಳೆದ ಯಂತ್ರವಿದು. ಹರಿದದ್ದು ಒಂದು ರಬ್ಬರ್ ಬೆಲ್ಟು. ಅದನ್ನು ಬದಲಿಸಲು ಯಾರಿಗೂ ಪುರುಸೊತ್ತಿಲ್ಲ, ಹೊಸದು ಕೊಳ್ಳಲು ಎಲ್ಲರಿಗೂ ಇದೆ. ಕೊಳ್ಳುವವರ ನಗುಮುಖ ಜಾಹೀರಾತಿನ ತುಂಬ ಹರಡಿಕೊಂಡಿರುತ್ತದೆ. ಬಿಚ್ಚುವವರಿಗೆ ಒಂದು ಜೊತೆ ಕೈಗವಸು ಕೊಡುವ ಗಂಡಸು ಈ ಅಂಗಳದಲ್ಲಿ ಹುಟ್ಟಿಲ್ಲ. ತಗಡಿಗೆ ಸಿಕ್ಕಿ ಹೋದ ಮೋಟಾರಮ್ಮನ ತೋರುಬೆರಳಿನ ಉಗುರು ಮತ್ತೆ ಬೆಳೆದಿಲ್ಲ.

ಇವತ್ತಿನ ಮೋಟಾರು ಮಾರಾಟಕ್ಕಲ್ಲ, ತನ್ನ ಅಕ್ಕನಿಗೆ. ಅಕ್ಕ ಚಾಕು, ಕತ್ತರಿಗಳಿಗೆ ಸಾಣೆ ಹಿಡಿಯುವವರು. ನಲವತ್ತು ವರ್ಷ ಕಾಲಲ್ಲಿ ತುಳಿದು ಚಕ್ರ ತಿರುಗಿಸಿ ಬಲಮಂಡಿ ಸವೆದಿದೆ. ಇನ್ನು ತುಳಿದರೆ ನಡೆಯುವುದೂ ನಿಲ್ಲುತ್ತದೆ ಎಂದಿದ್ದಾರೆ ಡಾಕ್ಟರು. ತುಳಿಯದಿದ್ದರೆ ಒಲೆ ಹತ್ತುವುದಿಲ್ಲ. ಹೊಸ ಮಷೀನುಗಳ ಮೋಟಾರು ಹುಚ್ಚು ಕುದುರೆ, ಸಾಣೆಗೆ ಬಾರದು. ಒಂದೇ ಗತಿಯಲ್ಲಿ ತಿರುಗುವ ಇಂಥ ಹಳೆಯದಕ್ಕಾಗಿ ಮೋಟಾರಮ್ಮ ಮೂರು ತಿಂಗಳು ಕಾದಿದ್ದಾರೆ.

ಮೋಟು ವೈರುಗಳ ತುದಿ ಕೆರೆದು ಮೀಟರು ಹಿಡಿಯುತ್ತಾರೆ. ಯಾವೆರಡರ ನಡುವೆ ಅಂಕಿ ದೊಡ್ಡದೋ ಅವು ತುದಿಯವು, ಉಳಿದದ್ದು ಎರಡಕ್ಕೂ ಸೇರಿದ ನಡುವಿನದು. ತಪ್ಪಿದರೆ ಒಳಗಿನ ಸುರುಳಿ ಸುಟ್ಟೇ ಹೋದೀತು. ಮೀಟರಿನ ಬ್ಯಾಟರಿಯೂ ಸಾಯುತ್ತಿದೆ, ಅದಕ್ಕೂ ಎರಡು ಬೈಗುಳ. ಮುಕ್ಕಾಲು ಗಂಟೆ ಹೀಗೇ ಕಳೆಯುವಾಗ ಸುತ್ತಿಗೆಯವನೊಬ್ಬ ಬೇಗನೆ ಬಂದು, ಇದನ್ನು ತಾಮ್ರಕ್ಕೆ ಹಾಕಿಬಿಡಮ್ಮಾ ಎಂದು ಬುದ್ಧಿ ಹೇಳುತ್ತಾನೆ.

“ಎಂಟಾಗ್ಲಿ ಕಣಪ್ಪ, ಆಮೇಲೆ ಬಾಯಿ ಬಿಡು.”

ಕರೆಂಟು ಕೊಟ್ಟರೆ ಮೋಟಾರು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ತಿರುಗಲು ಮೊದಲ ತಳ್ಳು ಕೊಡುವ ಕೆಪಾಸಿಟರು ಬಿದ್ದಲ್ಲೇ ಕೆಟ್ಟಿದೆ. ಅದನ್ನು ಕಿತ್ತೆಸೆದು ಚೀಲದಿಂದ ಇನ್ನೊಂದು ತೆಗೆದು ಜೋಡಿಸುತ್ತಾರೆ. ಎಂಟಕ್ಕೆ ನಾಲ್ಕು ನಿಮಿಷ. ತಿರುಗುತ್ತದೆ. ಸುತ್ತಿಗೆಯವನು ಬೇರೆ ಕಡೆ ನೋಡುತ್ತಾನೆ.

ಮಧ್ಯಾಹ್ನ ಅಕ್ಕನ ಅಂಗಡಿಯಲ್ಲಿ ಸಾಣೆಚಕ್ರ ತಾನೇ ತಿರುಗುತ್ತಿದೆ, ಕತ್ತರಿಯ ಅಲಗಿನಿಂದ ಕಿಡಿ ಹಾರುತ್ತಿದೆ. ಆದರೆ ಅಕ್ಕನ ಬಲಗಾಲು ಮಾತ್ರ ಖಾಲಿ ಗಾಳಿಯನ್ನು ತುಳಿಯುತ್ತಲೇ ಇದೆ. ಮೋಟಾರಮ್ಮನಿಗೆ ಮತ್ತೆ ರೇಗುತ್ತದೆ.

“ಕಾಲು ಸುಮ್ನೆ ಇಡಕ್ಕಾ. ಚಕ್ರಕ್ಕೆ ನೀನು ಬೇಕಾಗಿಲ್ಲ ಈಗ.”

“ಚಕ್ರಕ್ಕೆ ಗೊತ್ತಾಯ್ತು ಕಣೇ, ಕಾಲಿಗೆ ಗೊತ್ತಾಗ್ಬೇಕಲ್ಲ.”

ಮೋಟಾರಮ್ಮ ಪಕ್ಕದಲ್ಲಿ ಕೂತು, ಗ್ರೀಸು ಮೆತ್ತಿದ ಅಂಗೈಯನ್ನು ಅಕ್ಕನ ಮಂಡಿಯ ಮೇಲಿಟ್ಟು ಒತ್ತಿ ಹಿಡಿಯುತ್ತಾರೆ. ಕಾಲು ನಿಲ್ಲುವವರೆಗೂ ಕೈ ತೆಗೆಯುವುದಿಲ್ಲ.